ಮುಖವೂ ನಿರ್ವಹಣವೂ: ವಾಗ್ನರನ ‘ಟ್ರಿಸ್ಟಾನ್’ ವಾದ್ಯಕೃತಿಯ ರಸವಿಮರ್ಶೆ

೧

ನಾಟಕಕ್ಕಾಗಿ ಹುಟ್ಟಿದ ಸಂಗೀತವನ್ನು ರಂಗದಿಂದಲೂ ಪಾತ್ರಗಳಿಂದಲೂ ಮಾತಿನಿಂದಲೂ ಬೇರ್ಪಡಿಸಿ ಕೇವಲ ವಾದ್ಯಗಳಲ್ಲಿ ನುಡಿಸಿದಾಗ ಅದರಲ್ಲಿ ಉಳಿಯುವುದು ರಸವೋ, ರಸದ ಸ್ಮರಣೆ ಮಾತ್ರವೋ? ಈ ಪ್ರಶ್ನೆಯನ್ನು ಪಾಶ್ಚಾತ್ಯ ವಿಮರ್ಶಕರು ತಮ್ಮ ಗೀತನಾಟಕಗಳನ್ನು, ಅಂದರೆ ಆಪೆರಾಗಳನ್ನು, ಕುರಿತು ಕೇಳಿಕೊಳ್ಳುತ್ತ ಬಂದಿದ್ದಾರೆ. ನಮ್ಮ ಆಲಂಕಾರಿಕರು ಬೇರೊಂದು ದಾರಿಯಿಂದ ಇದೇ ಪ್ರಶ್ನೆಯ ಸಮೀಪಕ್ಕೆ ಬಂದಿದ್ದರು. ಈ ಎರಡು ವಿಚಾರಮಾರ್ಗಗಳೂ ಸಂಧಿಸುವಂತಹ ಒಂದು ಕೃತಿಯನ್ನು ಎತ್ತಿಕೊಂಡು ಅದರ ಗುಣವನ್ನೂ ಮಿತಿಯನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಆ ಕೃತಿ, ರಿಚರ್ಡ್ ವಾಗ್ನರನ ‘ಟ್ರಿಸ್ಟಾನ್ ಮತ್ತು ಇಸೋಲ್ಡೆ’ ಎಂಬ ಗೀತನಾಟಕದ ಪೀಠಿಕೆಯನ್ನೂ ಅದರ ಕಟ್ಟಕಡೆಯ ಭಾಗವನ್ನೂ ಕೂಡಿಸಿ ವಾದ್ಯವೃಂದಗಳು ನುಡಿಸುವ ‘ಪೀಠಿಕೆ ಮತ್ತು ಪ್ರೇಮಮರಣ’.

ಮೈಸೂರಿನಲ್ಲಿ ಕುಳಿತು ಜರ್ಮನಿಯ ಗೀತನಾಟಕವೊಂದನ್ನು ವಿಚಾರಿಸುವ ಪ್ರಸಕ್ತಿಯೇನು ಎಂದು ಕೇಳುವವರಿಗೆ ಈ ನಗರದ ಚರಿತ್ರೆಯೇ ಉತ್ತರ ಹೇಳುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯಲ್ಲಿ ಕರ್ಣಾಟಕ ವಾದ್ಯಗೋಷ್ಠಿಯ ಜೊತೆಜೊತೆಗೆ ಪಾಶ್ಚಾತ್ಯ ವಾದ್ಯವೃಂದವೂ ಪೋಷಣೆ ಪಡೆದಿತ್ತು. ಆಟೋ ಷ್ಮಿಟ್ ಎಂಬ ಜರ್ಮನ್ ಸಂಗೀತಗಾರನು ಅದನ್ನು ನಡೆಸಿದನು. ಅವರ ತರುವಾಯ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು ಶ್ರೀವಿದ್ಯಾ ಮುದ್ರಿಕೆಯಲ್ಲಿ ೯೦ಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಅವರೇ ೧೯೪೮ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಪ್ರಥಮಾಧ್ಯಕ್ಷರಾದರು. ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರನ ಕೃತಿಗಳು ಧ್ವನಿಮುದ್ರಿತವಾಗಿ ಉಳಿಯುವಂತೆ ಅವರು ಧನಸಹಾಯ ಮಾಡಿದರು. ಮೆಟ್ನರನು ತನ್ನ ಮೂರನೆಯ ಪಿಯಾನೋ ಕನ್ಚೆರ್ಟೊವನ್ನು ಅವರಿಗೆ ಅರ್ಪಿಸಿದನು.

ನಮ್ಮ ಪ್ರಸ್ತುತ ವಿಷಯಕ್ಕೆ ನೇರವಾಗಿ ಸೇರುವ ಸಂಗತಿ ೧೯೫೦ನೆಯ ಇಸವಿ ಮೇ ೨೨ನೆಯ ದಿನದ್ದು. ಅಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರನ ನೇತೃತ್ವದಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದವು, ಹಿಂದಿನ ವರ್ಷ ತೀರಿಕೊಂಡಿದ್ದ ರಿಚರ್ಡ್ ಸ್ಟ್ರಾಸನ ಕಡೆಯ ನಾಲ್ಕು ಗೀತೆಗಳನ್ನು ಮೊಟ್ಟಮೊದಲು ಲೋಕಕ್ಕೆ ಕೇಳಿಸಿತು. ಹಾಡಿದವಳು ನಾರ್ವೆಯ ಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ಆ ಕಛೇರಿಗೆ ೪,೮೦೦ ಡಾಲರುಗಳ ಜಾಮೀನು ನಿಂತವರು ಮೈಸೂರಿನ ಮಹಾರಾಜರು. ಸ್ಟ್ರಾಸನ ಗೀತೆಗಳ ಜೊತೆಗೆ ಅದೇ ಸಂಜೆ ‘ಟ್ರಿಸ್ಟಾನ್’ ನಾಟಕದ ಪೀಠಿಕೆಯೂ ಅಂತ್ಯಭಾಗವೂ ನಡೆದವು. ಅಂತ್ಯಭಾಗವನ್ನು ಅಂದು ಫ್ಲಾಗ್‌ಸ್ಟಾಡ್ ಹಾಡಿದಳು. ಆದರೆ ಕಂಠವನ್ನು ಬಿಟ್ಟು ವಾದ್ಯಗಳಲ್ಲಿ ಮಾತ್ರ ನುಡಿಸುವ ಪದ್ಧತಿಯೂ ಬಹುಕಾಲದಿಂದ ರೂಢಿಯಲ್ಲಿದೆ. ನಾವು ವಿಚಾರಕ್ಕೆ ತೆಗೆದುಕೊಳ್ಳುವುದು ಈ ಎರಡನೆಯ ರೂಪವನ್ನು. ಏಕೆಂದರೆ ಪ್ರಶ್ನೆಯು ತನ್ನ ಪೂರ್ಣ ಕಾಠಿನ್ಯದಲ್ಲಿ ಎದುರಾಗುವುದು ಮಾತು ಸಂಪೂರ್ಣವಾಗಿ ಮರೆಯಾದಲ್ಲಿಯೇ.

೨

ಮೊದಲು ಕಥೆಯನ್ನು ಸಂಗ್ರಹವಾಗಿ ಹೇಳಬೇಕು. ಕಾರ್ನ್‌ವಾಲಿನ ದೊರೆ ಮಾರ್ಕನಿಗೆ ವಧುವಾಗಿ ಐರ್ಲೆಂಡಿನ ರಾಜಪುತ್ರಿ ಇಸೋಲ್ಡೆಯನ್ನು ಅವನ ಸೋದರಳಿಯ ಟ್ರಿಸ್ಟಾನನು ಹಡಗಿನಲ್ಲಿ ಕರೆತರುತ್ತಾನೆ. ಇಬ್ಬರೂ ವಿಷವೆಂದು ನಂಬಿ ಕುಡಿದ ಪಾನೀಯವು ಸಖಿ ಬ್ರಾಂಗೇನೆಯ ಕೈವಾಡದಿಂದ ಪ್ರೇಮರಸಾಯನವಾಗಿರುತ್ತದೆ. ಎರಡನೆಯ ಅಂಕದಲ್ಲಿ ರಾತ್ರಿಯ ಉದ್ಯಾನದಲ್ಲಿ ಸಮಾಗಮ, ಅದರ ಶಿಖರದಲ್ಲಿಯೇ ದೊರೆಯ ಆಗಮನ, ಟ್ರಿಸ್ಟಾನನಿಗೆ ಗಾಯ. ಮೂರನೆಯ ಅಂಕದಲ್ಲಿ ಅವನು ತನ್ನ ಊರಿನ ಕಡಲ ಕೋಟೆಯಲ್ಲಿ ಇಸೋಲ್ಡೆಗಾಗಿ ಕಾದು, ಅವಳು ಬಂದ ಗಳಿಗೆಯಲ್ಲಿ ಪ್ರಾಣ ಬಿಡುತ್ತಾನೆ. ನಿಜವನ್ನು ತಿಳಿದು ಕ್ಷಮಿಸಲೆಂದು ಬಂದ ಮಾರ್ಕನ ಕಣ್ಣೆದುರಿಗೆ ಇಸೋಲ್ಡೆಯು ತನ್ನ ಕಡೆಯ ಗೀತವನ್ನು ಹಾಡಿ ಪ್ರಿಯನ ಮೇಲೆ ಕುಸಿಯುತ್ತಾಳೆ.

ವಾಗ್ನರನು ಈ ನಾಟಕವನ್ನು ೧೮೫೭ರಿಂದ ೧೮೫೯ರವರೆಗೆ ರಚಿಸಿದನು. ಅದು ರಂಗಕ್ಕೆ ಬಂದುದು ೧೮೬೫ರ ಜೂನ್ ೧೦ರಂದು, ಮ್ಯೂನಿಕ್ ನಗರದಲ್ಲಿ. ಆದರೆ ಪೀಠಿಕೆಯು ರಂಗವನ್ನು ಕಾಯದೆ ೧೮೫೯ರಲ್ಲಿಯೇ ಪ್ರಾಗ್ ನಗರದಲ್ಲಿ ಕೇಳಿಬಂದಿತು. ೧೮೬೦ರ ಜನವರಿಯಲ್ಲಿ ವಾಗ್ನರನೇ ಪ್ಯಾರಿಸಿನಲ್ಲಿ ತಾನು ಬರೆದ ಒಂದು ಸಮಾಪ್ತಿಯನ್ನು ಸೇರಿಸಿ ಅದನ್ನು ನಡೆಸಿದನು. ಅದನ್ನು ಕೇಳಿದ ಬೆರ್ಲಿಯೋಜನಂತಹ ಮಹಾಸಂಗೀತಜ್ಞನು, ಎಷ್ಟು ಓದಿ ಎಷ್ಟು ಆಲಿಸಿದರೂ ಕರ್ತೃವಿನ ಅಭಿಪ್ರಾಯ ತನಗೆ ಗೋಚರವಾಗಲಿಲ್ಲವೆಂದು ಪತ್ರಿಕೆಯಲ್ಲಿ ಬರೆದನು. ಪೀಠಿಕೆಯನ್ನೂ ಅಂತ್ಯವನ್ನೂ ಒಟ್ಟಿಗೆ ಕೂಡಿಸಿ ೧೮೬೩ರಲ್ಲಿ ರಷ್ಯದಲ್ಲಿ ನಡೆಸಿದವನೂ ವಾಗ್ನರನೇ. ಹೀಗೆ ಈ ಜೋಡಣೆಯು ಯಾರೋ ಸಂಕಲನಕಾರರ ಕತ್ತರಿಯ ಕೆಲಸವಲ್ಲ. ಇಡೀ ನಾಟಕವು ರಂಗವೇರುವುದಕ್ಕೆ ಮೊದಲೇ ಕವಿಯ ಕೈಯಿಂದಲೇ ಸಿದ್ಧವಾದ ಎರಡನೆಯ ಕೃತಿ.

ಹೆಸರಿನ ವಿಷಯವೂ ಗಮನಾರ್ಹ. ‘ಪ್ರೇಮಮರಣ’ವೆಂಬ ಹೆಸರನ್ನು ವಾಗ್ನರನು ಕೊಟ್ಟಿದ್ದುದು ಪೀಠಿಕೆಗೆ, ಅಂತ್ಯಭಾಗವನ್ನು ಅವನು ಕರೆದುದು ದಿವ್ಯರೂಪಾಂತರವೆಂಬ ಅರ್ಥದ ಶಬ್ದದಿಂದ. ಲಿಸ್ಟನು ೧೮೬೭ರಲ್ಲಿ ಅಂತ್ಯಭಾಗವನ್ನು ಪಿಯಾನೋಗೆ ಅಳವಡಿಸುವಾಗ ಪೀಠಿಕೆಯ ಹೆಸರನ್ನು ಅಂತ್ಯಕ್ಕೆ ಕೊಟ್ಟನು. ಲೋಕವು ಅದನ್ನೇ ಹಿಡಿಯಿತು. ಕರ್ತೃವಿನ ಎಣಿಕೆಯಲ್ಲಿ ಮರಣವಿದ್ದುದು ಆರಂಭದಲ್ಲಿ. ಕೊನೆಯಲ್ಲಿದ್ದುದು ಮರಣವನ್ನು ದಾಟಿದ ಸ್ಥಿತಿ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿದವರಿಗೆ ಕೃತಿಯ ಗತಿಯು ಬೇರೆಯಾಗಿಯೇ ತೋರುವುದು.

೩

ಈಗ ಆಕ್ಷೇಪವನ್ನು ಎತ್ತಿಕೊಳ್ಳೋಣ. ರಸವು ವಿಭಾವ, ಅನುಭಾವ, ವ್ಯಭಿಚಾರಿಭಾವಗಳ ಸಂಯೋಗದಿಂದ ನಿಷ್ಪನ್ನವಾಗುವುದೆಂದು ಭರತಮುನಿಯ ಮತ. ವಾದ್ಯಕೃತಿಯಲ್ಲಿ ಆಲಂಬನವಾದ ನಾಯಕನಿಲ್ಲ, ನಾಯಿಕೆಯಿಲ್ಲ. ಉದ್ದೀಪನವಾದ ರಾತ್ರಿಯಿಲ್ಲ, ಉದ್ಯಾನವಿಲ್ಲ. ಅನುಭಾವವನ್ನು ತೋರುವ ಅಂಗಾಭಿನಯವಿಲ್ಲ. ಹೀಗಿರುವಲ್ಲಿ ಶೃಂಗಾರವೆಂದಾಗಲಿ ಕರುಣವೆಂದಾಗಲಿ ಯಾವ ಆಧಾರದಿಂದ ಹೇಳುವುದು? ಕಥೆಯನ್ನು ಮೊದಲೇ ಬಲ್ಲವನು ಆ ಕಥೆಯನ್ನು ನಾದದ ಮೇಲೆ ಆರೋಪಿಸಿಕೊಳ್ಳುತ್ತಾನೆ. ಅರಿಯದವನಿಗೆ ಅದು ಕೇವಲ ಕಿವಿಗೆ ಇಂಪು. ಇದು ಪೂರ್ವಪಕ್ಷ.

ಇದಕ್ಕೆ ಸಮಾಧಾನವನ್ನು ಆನಂದವರ್ಧನನೇ ಸೂಚಿಸಿದ್ದಾನೆ. ‘ಧ್ವನ್ಯಾಲೋಕ’ದ ಮೂರನೆಯ ಉದ್ಯೋತದಲ್ಲಿ ವ್ಯಂಜಕತ್ವವು ವಾಚಕತ್ವಕ್ಕಿಂತ ಬೇರೆಯಾದ ವ್ಯಾಪಾರವೆಂದು ಸ್ಥಾಪಿಸುವಾಗ ಅವನು ಗೀತಶಬ್ದಗಳನ್ನು ದೃಷ್ಟಾಂತವಾಗಿ ತರುತ್ತಾನೆ. ಗೀತದ ಸ್ವರಗಳಿಗೆ ವಾಚ್ಯಾರ್ಥವಿಲ್ಲ. ಆದರೂ ಅವು ರಸಾದಿಗಳನ್ನು ವ್ಯಂಜಿಸುವುದು ಅನುಭವಸಿದ್ಧ. ಈ ದೃಷ್ಟಾಂತವು ಕಾವ್ಯವಿಚಾರದ ನಡುವೆ ಉಪಾಂಗವಾಗಿ ಬಂದುದಾದರೂ ಅದರ ಫಲವು ದೊಡ್ಡದು: ನಾದವು ಕಥೆಯ ಊಳಿಗದ ಆಳಲ್ಲ, ತನ್ನದೇ ಆದ ವ್ಯಂಜಕಶಕ್ತಿಯುಳ್ಳದ್ದು ಎಂದು ಧ್ವನಿಮತದ ಪ್ರವರ್ತಕನೇ ಒಪ್ಪಿದಂತಾಯಿತು. ಸಾಹಿತ್ಯವಿಲ್ಲದ ರಾಗಾಲಾಪನೆಯಿಂದಲೂ ವೀಣೆಯ ತಾನದಿಂದಲೂ ಕಣ್ಣು ತೇವವಾದ ಅನುಭವವುಳ್ಳ ಮೈಸೂರಿನ ಶ್ರೋತೃಗಳಿಗೆ ಇದನ್ನು ತರ್ಕದಿಂದ ಸಾಧಿಸಿ ತೋರಿಸಬೇಕಾದ ಅಗತ್ಯವಿಲ್ಲ.

ನಾಟ್ಯದೊಳಗೇ ಶುದ್ಧವಾದ್ಯಕ್ಕೆ ಸ್ಥಾನವಿತ್ತೆಂಬುದಕ್ಕೂ ಪ್ರಮಾಣವಿದೆ. ನಾಟ್ಯಶಾಸ್ತ್ರದ ಐದನೆಯ ಅಧ್ಯಾಯದಲ್ಲಿ ಪೂರ್ವರಂಗವನ್ನು ವಿವರಿಸುವಾಗ, ಸಾರ್ಥಕ ಪದಗಳಿಲ್ಲದ ‘ನಿರ್ಗೀತ’ವೆಂಬ ಸಂಗೀತದ ಪ್ರಸಂಗ ಬರುತ್ತದೆ. ಅದನ್ನು ಕೇಳಿ ದಾನವರು ಸಂತೋಷಪಟ್ಟರೆಂದೂ, ದೇವತೆಗಳು ಮುನಿದು ಅದನ್ನು ನಿಲ್ಲಿಸಬೇಕೆಂದರೆಂದೂ, ನಾರದನು ಅವರನ್ನು ಸಮಾಧಾನಪಡಿಸಿ ಅದನ್ನು ಉಳಿಸಿದನೆಂದೂ ಅಲ್ಲಿ ಕಥೆ. ಪದವಿಲ್ಲದ ಸಂಗೀತವು ರಂಗದಲ್ಲಿ ಸಲ್ಲುವುದೇ ಎಂಬ ವಿವಾದವು ಎಷ್ಟು ಹಳೆಯದೆಂಬುದನ್ನೂ, ಅದು ಸಲ್ಲುವುದೆಂದೇ ತೀರ್ಮಾನವಾಯಿತೆಂಬುದನ್ನೂ ಈ ಕಥೆ ತಿಳಿಸುತ್ತದೆ.

೪

ಆದರೆ ನಾದಕ್ಕೆ ವ್ಯಂಜಕತ್ವ ಉಂಟೆಂದ ಮಾತ್ರಕ್ಕೆ ಈ ನಾದವು ವ್ಯಂಜಿಸುವುದು ಏನನ್ನು ಎಂಬುದು ತಿಳಿಯಲಿಲ್ಲ. ಅದಕ್ಕಾಗಿ ಕೃತಿಯ ಮೈಯನ್ನೇ ನೋಡಬೇಕು.

ಪೀಠಿಕೆಯು ಸೆಲ್ಲೋಗಳ ಒಂಟಿ ಧ್ವನಿಯಿಂದ ಆರಂಭವಾಗುತ್ತದೆ. ಅತಿ ಮೆಲ್ಲಗೆ ಒಂದು ಸ್ವರ. ಅಲ್ಲಿಂದ ಮೇಲಕ್ಕೆ ಒಂದು ನೆಗೆತ. ನೆಗೆದಲ್ಲಿ ನಿಲ್ಲಲಾರದೆ ಪಕ್ಕದ ಸ್ವರಸ್ಥಾನಗಳಿಗೆ ಎರಡು ಮೆಟ್ಟಿಲು ಇಳಿತ. ಆ ಇಳಿತದ ಕೊನೆಯಲ್ಲಿ ಸುಷಿರವಾದ್ಯಗಳು ಬಂದು ಸೇರಿ, ಹಲವು ಸ್ವರಗಳು ಏಕಕಾಲದಲ್ಲಿ ನುಡಿಯುವ ಒಂದು ಸ್ವರಕೂಟವಾಗುತ್ತದೆ. ಪಾಶ್ಚಾತ್ಯ ವಿದ್ವಾಂಸರು ಇದನ್ನು ‘ಟ್ರಿಸ್ಟಾನ್ ಸ್ವರಕೂಟ’ವೆಂದೇ ಹೆಸರಿಟ್ಟು ಒಂದೂವರೆ ಶತಮಾನದಿಂದ ಚರ್ಚಿಸುತ್ತಿದ್ದಾರೆ. ಅದರ ಮೇಲೆ ಓಬೋ ಎಂಬ ವಾದ್ಯವು ಒಂದರ ಪಕ್ಕದ ಒಂದಾದ ನಾಲ್ಕು ಸ್ವರಸ್ಥಾನಗಳನ್ನು ಏರುತ್ತದೆ. ಏರಿ ಮುಟ್ಟುವುದಾದರೂ ಎಲ್ಲಿಗೆ? ವಿಶ್ರಾಂತಿಗಲ್ಲ, ವಿಶ್ರಾಂತಿಯನ್ನು ಬೇಡುವ ಇನ್ನೊಂದು ಸ್ವರಕೂಟಕ್ಕೆ. ಬಳಿಕ ಮೌನ. ಅದೇ ವಾಕ್ಯವು ಮತ್ತೆ ಎತ್ತರದ ಸ್ಥಾಯಿಯಲ್ಲಿ, ಮತ್ತೆ ಮೌನ. ಮೂರನೆಯ ಸಲ ಇನ್ನೂ ದೀರ್ಘವಾಗಿ, ಮತ್ತೆ ಮೌನ. ಮೂರು ಸಲ ಕೇಳಿದ ಪ್ರಶ್ನೆಗೆ ಉತ್ತರವಿಲ್ಲ.

ತಂಬೂರಿಯ ಶ್ರುತಿಯಲ್ಲಿ ಬೆಳೆದ ಕಿವಿಗೆ ಇಲ್ಲಿ ಒಂದು ವಿಶೇಷವು ಪಾಶ್ಚಾತ್ಯ ಶ್ರೋತೃವಿಗಿಂತಲೂ ತೀಕ್ಷ್ಣವಾಗಿ ತಟ್ಟಬೇಕು. ನಮ್ಮ ಸಂಗೀತದಲ್ಲಿ ಆಧಾರಷಡ್ಜವು ಎಂದೂ ತಪ್ಪುವುದಿಲ್ಲ. ಗಾಯಕನು ಎಷ್ಟು ದೂರ ಸಂಚರಿಸಿದರೂ ಮನೆಯ ದೀಪವು ಹಿಂದೆ ಉರಿಯುತ್ತಲೇ ಇರುತ್ತದೆ. ವಾಗ್ನರನ ಪೀಠಿಕೆಯಲ್ಲಿ ಷಡ್ಜವು ಸೂಚಿತವಾಗುತ್ತದೆ, ನಿರೀಕ್ಷಿತವಾಗುತ್ತದೆ, ಆದರೆ ನೆಲೆಯಾಗಿ ಕೊಡಲ್ಪಡುವುದಿಲ್ಲ. ಪ್ರತಿಯೊಂದು ನ್ಯಾಸವೂ ಕಡೆಯ ಕ್ಷಣದಲ್ಲಿ ಪಕ್ಕಕ್ಕೆ ಸರಿದು ಮುಂದಿನ ಅಲೆಗೆ ಆರಂಭವಾಗುತ್ತದೆ. ಅಲೆಯ ಮೇಲೆ ಅಲೆಯಾಗಿ ಇಡೀ ವೃಂದವು ಏರಿ ಏರಿ, ಶಿಖರವನ್ನು ಮುಟ್ಟಿದಾಗ ಅಲ್ಲಿ ಕೇಳಿಸುವುದು ಮೊದಲಿನ ಅದೇ ಪ್ರಶ್ನೆಯ ಸ್ವರಕೂಟ! ಆಮೇಲೆ ಕುಸಿತ, ಸೆಲ್ಲೋ ಮತ್ತು ಡಬಲ್ ಬೇಸ್ ವಾದ್ಯಗಳ ತಳದಲ್ಲಿ ಎಲ್ಲವೂ ಅಡಗುತ್ತದೆ.

ಈ ರಚನೆಯು ಯಾವುದೋ ಪ್ರೇಮಿಗಳ ವೃತ್ತಾಂತವನ್ನು ವರ್ಣಿಸುವುದಿಲ್ಲ. ಔತ್ಸುಕ್ಯವೆಂಬ ಭಾವದ ಆಕಾರವನ್ನೇ ತಾಳುತ್ತದೆ. ವಿಪ್ರಲಂಭದ ಜೀವವಾದ ಔತ್ಸುಕ್ಯವನ್ನು ಕಾವ್ಯವು ದೂತಿ, ಮೇಘ, ಚಂದ್ರಿಕೆಗಳ ಮೂಲಕ ತೋರಿಸಬೇಕು. ಇಲ್ಲಿ ಅದು ಕೇಳುವವನ ಕಿವಿಯಲ್ಲಿಯೇ ಹುಟ್ಟುತ್ತದೆ. ಷಡ್ಜವನ್ನು ಬಯಸುತ್ತಿರುವವನು ಟ್ರಿಸ್ಟಾನನಲ್ಲ, ನಾವು. ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದ ವ್ಯಾಪಾರವು, ಅಂದರೆ ಭಾವವು ವ್ಯಕ್ತಿವಿಶೇಷದ ಸಂಬಂಧವನ್ನು ಕಳಚಿಕೊಂಡು ಸರ್ವಸಾಧಾರಣವಾಗುವುದು, ಇಲ್ಲಿ ಕಥೆಯ ಮೂಲಕ ನಡೆಯಬೇಕಾಗಿಯೇ ಇಲ್ಲ. ಪೂರ್ವಪಕ್ಷವು ಕೇಳಿದ ಆಲಂಬನಕ್ಕೆ ಉತ್ತರವೂ ಇದೇ: ಕೈಗೆ ಸಿಕ್ಕದ ಷಡ್ಜವೇ ಇಲ್ಲಿಯ ಆಲಂಬನ.

ವಾಗ್ನರನು ೧೮೬೦ರಲ್ಲಿ ಮಥಿಲ್ಡೆ ವೇಸೆಂಡೋಂಕಳಿಗೆ ಬರೆದ ಪತ್ರವೊಂದರಲ್ಲಿ ಬೌದ್ಧರ ಸೃಷ್ಟಿವಿಚಾರವನ್ನು ಈ ಆರಂಭಸ್ವರಗಳಿಗೆ ಹೋಲಿಸುತ್ತಾನೆ: ನಿರ್ಮಲವಾದ ಆಕಾಶವನ್ನು ಒಂದು ಉಸಿರು ಕಲಕುತ್ತದೆ, ಅದರಿಂದ ಲೋಕವೆಲ್ಲ ಬೆಳೆಯುತ್ತದೆ ಎಂದು. ಅವನು ಶೋಪೆನ್‌ಹೌವರನ ಗ್ರಂಥಗಳನ್ನು ಓದಿದ್ದವನು. ಬುದ್ಧನ ಶಿಷ್ಯನಾದ ಆನಂದನ ಕಥೆಯನ್ನು ಗೀತನಾಟಕವಾಗಿಸಲು ೧೮೫೬ರಲ್ಲಿ ಟಿಪ್ಪಣಿ ಮಾಡಿದ್ದವನು. ಆದುದರಿಂದ ಈ ಸ್ವರಗಳಲ್ಲಿ ತೃಷ್ಣೆಯನ್ನು ಕೇಳುವ ಭಾರತೀಯನು ಪರದೇಶದ ಕೃತಿಯ ಮೇಲೆ ತನ್ನ ಶಾಸ್ತ್ರವನ್ನು ಹೇರುತ್ತಿಲ್ಲ.

೫

ಪೀಠಿಕೆಯ ಮೌನದಿಂದ ಅಂತ್ಯಭಾಗವು ಮೃದುವಾಗಿ ಏಳುತ್ತದೆ. ಇದರ ರಾಗಭಾಗವೆಲ್ಲ ಹೆಚ್ಚಾಗಿ ಎರಡನೆಯ ಅಂಕದ ಉದ್ಯಾನದೃಶ್ಯದಿಂದ ಬಂದದ್ದು. ಅಲ್ಲಿ ಈ ಸಂಗೀತವು ತನ್ನ ಪೂರ್ಣತೆಯನ್ನು ಮುಟ್ಟುವ ಕ್ಷಣದಲ್ಲಿ ಬ್ರಾಂಗೇನೆಯ ಚೀತ್ಕಾರದಿಂದ ತುಂಡಾಗಿತ್ತು. ಇಲ್ಲಿ ತಡೆಯುವವರಿಲ್ಲ, ತುಂಡಾದ ವಾಕ್ಯವು ಪೂರ್ಣವಾಗುತ್ತದೆ. ಇಸೋಲ್ಡೆಯ ಕಂಠವನ್ನು ಬಿಟ್ಟರೂ ಈ ಭಾಗವು ಕೆಡುವುದಿಲ್ಲ. ಏಕೆಂದರೆ ಮುಖ್ಯವಾದ ರಾಗಧಾರೆಯನ್ನು ವಾಗ್ನರನು ವೃಂದದಲ್ಲಿಯೇ ಇಟ್ಟಿದ್ದಾನೆ. ಕಡೆಗೆ ಎಲ್ಲ ಕೋಲಾಹಲವೂ ಶಮಿಸಿದ ಮೇಲೆ ಆರಂಭದ ಆ ನಾಲ್ಕು ಏರುಸ್ವರಗಳು ಓಬೋಗಳಲ್ಲಿ ಮತ್ತೊಮ್ಮೆ ಕೇಳಿಸುತ್ತವೆ. ಈ ಸಲ ಅವು ಏರಿ ಮುಟ್ಟುವುದು ವಿಶ್ರಾಂತಿಯನ್ನು. ನಾಟಕದ ಮೊದಲ ನಿಮಿಷದಲ್ಲಿ ಕೇಳಿದ ಪ್ರಶ್ನೆಗೆ ಕಡೆಯ ನಿಮಿಷದಲ್ಲಿ ಉತ್ತರ.

ಈ ವಿಶ್ರಾಂತಿಯಲ್ಲಿ ನಮ್ಮ ಶ್ರೋತೃಗಳು ಗಮನಿಸಬೇಕಾದ ಇನ್ನೊಂದು ಸೂಕ್ಷ್ಮವಿದೆ. ಪೀಠಿಕೆಯು ಬಯಸಿದ ಷಡ್ಜವೂ ಅಂತ್ಯವು ಸೇರಿದ ಷಡ್ಜವೂ ಒಂದೇ ಅಲ್ಲ. ಮೊದಲನೆಯದು ಪಾಶ್ಚಾತ್ಯರು ‘ಎ’ ಎಂದು ಕರೆಯುವ ಸ್ವರ; ಎರಡನೆಯದು ಅದಕ್ಕಿಂತ ಎರಡು ಸ್ವರಸ್ಥಾನ ಮೇಲಿನ ‘ಬಿ’. ಪ್ರೇಮಿಗಳು ಹೊರಟ ಮನೆಗೆ ಹಿಂದಿರುಗಲಿಲ್ಲ. ಬೇರೊಂದು ಮನೆಯನ್ನು ಸೇರಿದರು. ಬಯಕೆಯು ತಾನು ಬಯಸಿದ್ದನ್ನೇ ಪಡೆದು ತೃಪ್ತವಾಗಲಿಲ್ಲ. ಬಯಕೆಯ ನೆಲೆಯೇ ಬದಲಾಯಿತು. ಕರ್ತೃವು ಇದನ್ನು ಮರಣವೆಂದು ಕರೆಯದೆ ರೂಪಾಂತರವೆಂದು ಕರೆದುದರ ಔಚಿತ್ಯವು ಈ ಷಡ್ಜಾಂತರದಲ್ಲಿ ಶ್ರವಣಗೋಚರವಾಗುತ್ತದೆ.

ಈಗ ಕೃತಿಯ ಬಂಧವನ್ನು ಕುರಿತು ನಿರ್ಣಯಿಸಬಹುದು. ನಾಟಕಕ್ಕೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣಗಳೆಂದು ಐದು ಸಂಧಿಗಳು. ಬೀಜವು ಮುಖದಲ್ಲಿ ಬಿತ್ತಲ್ಪಟ್ಟು ನಿರ್ವಹಣದಲ್ಲಿ ಫಲಿಸುತ್ತದೆ. ಕಛೇರಿಯ ಈ ರೂಪವು ನಡುವಣ ಮೂರು ಸಂಧಿಗಳನ್ನು ಬಿಟ್ಟು ಮುಖವನ್ನೂ ನಿರ್ವಹಣವನ್ನೂ ನೇರವಾಗಿ ಬೆಸೆದಿದೆ. ನಾಲ್ಕು ಗಂಟೆಗಳ ನಾಟಕವು ೧೭-೧೮ ನಿಮಿಷಗಳಾಗಿದೆ. ಆದರೂ ಅದು ತುಣುಕೆನಿಸುವುದಿಲ್ಲ. ಏಕೆಂದರೆ ಬೀಜವೂ ಫಲವೂ ಅದರೊಳಗೇ ಇವೆ. ಉದ್ಧೃತಭಾಗಗಳನ್ನು ತೂಗಿ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ಸಿಕ್ಕಲಾರದು. ನಮ್ಮ ಅಧ್ಯಾಪಕರು ರನ್ನನ ‘ಗದಾಯುದ್ಧ’ದಿಂದ ದುರ್ಯೋಧನವಿಲಾಪವನ್ನು ಮಾತ್ರ ಎತ್ತಿ ಪಾಠಹೇಳುವಾಗ ಮಹಾಭಾರತದ ಹಿಂದಿನ ಕಥೆಯನ್ನೆಲ್ಲ ವಿದ್ಯಾರ್ಥಿಯ ಮನಸ್ಸಿನಲ್ಲಿ ತುಂಬಿಕೊಡಬೇಕಾಗುತ್ತದೆ, ಆ ವಿಲಾಪದ ಬೀಜವು ಅದರ ಹೊರಗಿದೆ. ವಾಗ್ನರನ ಈ ಕೃತಿಗೆ ಅಂತಹ ಪೂರ್ವಕಥೆಯ ಅಪೇಕ್ಷೆಯಿಲ್ಲ. ಇದು ನಾಟಕದಿಂದ ಕಿತ್ತು ತಂದ ಕೊಂಬೆಯಲ್ಲ, ಅದೇ ಬೀಜದಿಂದ ಬೆಳೆದ ಎರಡನೆಯ ಗಿಡ.

೬

ಇಷ್ಟು ಹೇಳಿ ನಿಲ್ಲಿಸಿದರೆ ವಿಮರ್ಶೆಯು ಸ್ತುತಿಯಾದೀತು. ಮಧ್ಯದ ಸಂಧಿಗಳನ್ನು ಬಿಟ್ಟುದರಿಂದ ನಷ್ಟವಾದುದು ಏನೂ ಇಲ್ಲವೇ? ಇದೆ, ಅದರ ಹೆಸರು ಮಾರ್ಕ್ ದೊರೆ. ಎರಡನೆಯ ಅಂಕದಲ್ಲಿ ಪ್ರೇಮಿಗಳನ್ನು ಕಂಡ ಮೇಲೆ ಅವನು ಕತ್ತಿಯನ್ನು ಹಿರಿಯುವುದಿಲ್ಲ. ತಾನು ಮಗನಂತೆ ನಂಬಿದವನೇ ಹೀಗೆ ಮಾಡಿದುದೇಕೆಂದು ದೀರ್ಘವಾಗಿ, ನೊಂದು ಕೇಳುತ್ತಾನೆ. ಟ್ರಿಸ್ಟಾನನಲ್ಲಿ ಅದಕ್ಕೆ ಉತ್ತರವಿಲ್ಲ. ನಾಟಕವನ್ನು ನೋಡಿದವನು ಕಡೆಯ ವಿಶ್ರಾಂತಿಸ್ವರವನ್ನು ಕೇಳುವಾಗ ಆ ಉತ್ತರವಿಲ್ಲದ ಪ್ರಶ್ನೆಯನ್ನೂ ಹೊತ್ತುಕೊಂಡೇ ಕೇಳುತ್ತಾನೆ. ಕಛೇರಿಯಲ್ಲಿ ಕೇಳಿದವನಿಗೆ ಆ ಭಾರವಿಲ್ಲ. ಅವನಿಗೆ ರೂಪಾಂತರವು ಬೆಲೆ ತೆರದೆ ದೊರೆಯುತ್ತದೆ.

ಈ ನಷ್ಟದ ಪ್ರಮಾಣವನ್ನು ಕನ್ನಡದ ಒಂದು ಕಾವ್ಯವು ಚೆನ್ನಾಗಿ ತೋರಿಸಿಕೊಡುತ್ತದೆ. ವಾಗ್ನರನಿಗೆ ಆಕರವಾದ ಗೊಟ್‌ಫ್ರೀಡ್ ಕವಿಯ ಜರ್ಮನ್ ಕಾವ್ಯವು ಸುಮಾರು ೧೨೧೦ರದು. ಹೊಯ್ಸಳರ ಆಸ್ಥಾನದಲ್ಲಿ ಜನ್ನನು ‘ಯಶೋಧರ ಚರಿತೆ’ಯನ್ನು ಮುಗಿಸಿದುದು ೧೨೦೯ರಲ್ಲಿ. ಪರಸ್ಪರ ಅರಿಯದ ಎರಡು ದೇಶಗಳಲ್ಲಿ ಒಂದೇ ಕಾಲದಲ್ಲಿ ಇಬ್ಬರು ಕವಿಗಳು ದೊರೆಯ ಮಡದಿಯ ಅನ್ಯಾನುರಾಗವನ್ನು ವಸ್ತುವಾಗಿ ಹಿಡಿದರು. ಅಲ್ಲಿ ಅನುರಾಗಕ್ಕೆ ಕಾರಣ ರಸಾಯನ. ಜನ್ನನಲ್ಲಿ ಕಾರಣ ಸಂಗೀತ. ರಾತ್ರಿಯಲ್ಲಿ ಮಾವುತ ಅಷ್ಟಾವಂಕನ ಹಾಡು ಕಿವಿಗೆ ಬಿದ್ದು ಅಮೃತಮತಿಯು ಹಾಡಿದವನನ್ನು ಕಾಣುವ ಮೊದಲೇ ಸೋಲುತ್ತಾಳೆ. ರೂಪವಿಲ್ಲದ ನಾದವು ತಾನೇ ಮನಸ್ಸನ್ನು ಸೆಳೆದೊಯ್ಯಬಲ್ಲುದೆಂಬ ನಮ್ಮ ಸಿದ್ಧಾಂತಕ್ಕೆ ಇದಕ್ಕಿಂತ ಕಠೋರವಾದ ಉದಾಹರಣೆ ಬೇಕಾಗಿಲ್ಲ. ಆದರೆ ಜನ್ನನು ನಮ್ಮನ್ನು ರಾಣಿಯ ಕಿವಿಯಲ್ಲಿಯೇ ಬಿಡುವುದಿಲ್ಲ. ಅವಳ ಹಿಂದೆ ಹೋಗಿ, ಕಂಡು, ಕತ್ತಿಯನ್ನೆತ್ತಿ, ತಡೆದುಕೊಂಡ ಯಶೋಧರನ ಎದೆಯಲ್ಲಿ ನಿಲ್ಲಿಸುತ್ತಾನೆ. ನಾದದ ಮೋಹವನ್ನೂ ಅದರಿಂದ ನೊಂದವನನ್ನೂ ಒಂದೇ ಕಾವ್ಯದಲ್ಲಿ ಇಡುವುದು ಪೂರ್ಣದೃಷ್ಟಿ. ವಾಗ್ನರನ ನಾಟಕದಲ್ಲಿ ಈ ದೃಷ್ಟಿಯುಂಟು, ವಾದ್ಯಕೃತಿಯಲ್ಲಿ ಇಲ್ಲ.

ಹಾಗೆಂದು ವಾದ್ಯಕೃತಿಯನ್ನು ದೂಷಿಸುವುದು ಯುಕ್ತವಲ್ಲ. ರಸದ ದೃಷ್ಟಿಯಿಂದ ಅದು ಪೂರ್ಣ. ಲೋಕವೃತ್ತದ ದೃಷ್ಟಿಯಿಂದ ಅದು ಏಕದೇಶ. ಒಂದು ಮುಕ್ತಕವು ಪೂರ್ಣವಾಗಿರುವಂತೆ ಅದು ಪೂರ್ಣ. ಮುಕ್ತಕದಲ್ಲಿ ಮಹಾಕಾವ್ಯದ ಧರ್ಮವಿಚಾರವನ್ನು ನಾವು ಕೇಳುವುದಿಲ್ಲ. ಕೇಳಬಾರದ್ದನ್ನು ಕೇಳದಿರುವುದು ಹೇಗೆ ಸಹೃದಯಧರ್ಮವೋ, ದೊರೆತುದನ್ನೇ ಸರ್ವಸ್ವವೆಂದು ಭ್ರಮಿಸದಿರುವುದೂ ಹಾಗೆಯೇ ಸಹೃದಯಧರ್ಮ. ಸಾಹಿತ್ಯವನ್ನು ಬೋಧಿಸುವವರು ಈ ಕೃತಿಯನ್ನು ವಿದ್ಯಾರ್ಥಿಗಳಿಗೆ ಕೇಳಿಸುವುದಾದರೆ ಮೊದಲು ಕಥೆಯನ್ನು ಹೇಳದೆ ಕೇಳಿಸಲಿ. ಷಡ್ಜಕ್ಕಾಗಿ ಕಿವಿಯು ಹಂಬಲಿಸುವ ಅನುಭವವು ಅಕಳಂಕವಾಗಿ ಆಗಲಿ. ಆಮೇಲೆ ಮಾರ್ಕ್ ದೊರೆಯ ಕಥೆಯನ್ನು ಹೇಳಿ ಮತ್ತೊಮ್ಮೆ ಕೇಳಿಸಲಿ. ಆ ಎರಡು ಶ್ರವಣಗಳ ಅಂತರದಲ್ಲಿ, ರಸವೆಂದರೇನು, ರಸವು ಬದುಕಿನಿಂದ ಪಡೆದುಕೊಳ್ಳುವುದೇನು, ಬಿಟ್ಟುಬರುವುದೇನು ಎಂಬ ಮೂರು ಪ್ರಶ್ನೆಗಳೂ ಉಪನ್ಯಾಸವಿಲ್ಲದೆಯೇ ಅವರ ಮನಸ್ಸಿನಲ್ಲಿ ಏಳುವುವು.